ಪ್ಯಾಡು ಯಾರದ್ದೋ ಗೋಲು ಅವರದ್ದು

ಬ್ರಹ್ಮಾವರದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿಗಳು ಬರುವುದಿಲ್ಲ. ಆಗ ಮೆಷಿನ್ನಿನ ಮೇಲೆ ಫೋನು ಒರಗಿಸಿಟ್ಟು ಇಂಗ್ಲೆಂಡಿನ ನ್ಯಾಷನಲ್ ಲೀಗ್ ಹಾಕಿ ನೋಡುತ್ತೇನೆ. ಹಾಕಿ ಅಂದರೆ ಇಡೀ ಆಟವಲ್ಲ, ಗೋಲು ಕಾಯುವ ಗೋಲಿಗಳನ್ನು ಮಾತ್ರ. ಉಳಿದವರು ಓಡಲಿ ಬಿಡಲಿ, ಅದರಿಂದ ನನಗೆ ಆಗಬೇಕಾದ್ದೇನೂ ಇಲ್ಲ.

ಆ ಗೋಲಿಗಳನ್ನು ಕಂಡರೆ ನನಗೆ ನಗು ತಡೆಯುವುದಿಲ್ಲ. ಕಾಲಿಗೆ ದಿಂಬಿನಷ್ಟು ದಪ್ಪದ ಫೋಮು, ಪಾದಕ್ಕೆ ಫೋಮು, ಎರಡು ಕೈಗೂ ಫೋಮು, ಎದೆಗೆ ಕವಚ, ತಲೆಗೆ ಹೆಲ್ಮೆಟ್ಟು. ಹಾಸಿಗೆ ದಿಂಬನ್ನೇ ಮೈಗೆ ಕಟ್ಟಿಕೊಂಡು ಬಂದವರು ಚೆಂಡು ಬಂದಾಗ ಅಡ್ಡಬಿದ್ದು ಮಲಗುವುದರಲ್ಲಿ ಆಶ್ಚರ್ಯವೇನಿದೆ. ನೆಲಕ್ಕೂ ಹಸಿರು ಹಾಸು, ಅದರ ಮೇಲೆ ನೀರು ಬೇರೆ ಬಿಟ್ಟಿರುತ್ತಾರೆ, ಜಾರಿಕೊಂಡು ಹೋಗಲಿ ಅಂತ. ಇಷ್ಟೆಲ್ಲ ಆದ ಮೇಲೂ ಗೋಲು ಹೋದರೆ ಎದ್ದು ನಿಂತು ಎರಡೂ ಕೈ ಚಾಚಿ ಮುಂದಿನ ಆಟಗಾರನ ಕಡೆ ನೋಡುತ್ತಾರೆ. ಬಿಟ್ಟವರು ಇವರು, ಬೈಸಿಕೊಳ್ಳುವವನು ಅವನು. ಈ ಒಂದು ವಿಷಯದಲ್ಲಿ ಇಂಗ್ಲೆಂಡಿಗೂ ಕುಂದಾಪುರಕ್ಕೂ ವ್ಯತ್ಯಾಸ ನಾನು ಕಂಡಿಲ್ಲ.

ನನ್ನ ಗಂಡ ಬಾರ್ಕೂರಿನವರು. ಅವರಿಗೆ ಕ್ರಿಕೆಟ್ಟು ಬಿಟ್ಟರೆ ಬೇರೆ ಆಟ ಆಟವೇ ಅಲ್ಲ. ಒಮ್ಮೆ ಅಂಗಡಿಗೆ ಬಂದವರು ನಾನು ಫೋನಿಗೆ ಬೈಯುವುದನ್ನು ಕೇಳಿ ಕೇಳಿ ಸಾಕಾಗಿ, "ಅಷ್ಟ್ ಬೈಯೂದಾರೆ ಕಾಂಬುದ್ ಎಂತಕ್ಕೆ?" ಅಂದರು.

"ಬೈಯೂಕೇ" ಅಂದೆ.

ಅದು ಪೂರಾ ನಿಜವಲ್ಲ. ನನಗೂ ಒಂದು ಕಾಲದಲ್ಲಿ ಬೇಕಾಗಿದ್ದದ್ದು ಅದೊಂದೇ, ಆ ಎರಡು ಕಂಬಗಳ ನಡುವಿನ ಜಾಗ. ಅದು ನನಗೆ ಸಿಕ್ಕಿತ್ತು, ಆಮೇಲೆ ಹೋಯಿತು. ಹೋದದ್ದು ನನ್ನ ಕೈಯಲ್ಲಿ ಆಗದೆ ಅಲ್ಲ. ನಮ್ಮ ಕಡೆಯ ಒಂದು ಕಾಯಿದೆಯಿಂದ ಹೋಯಿತು. ಊರಿನ ಗದ್ದೆಯಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಆ ಕಾಯಿದೆ ಗೊತ್ತು: ಬ್ಯಾಟು ಯಾರದ್ದೋ ಅವನೇ ಮೊದಲು ಆಡುವವನು, ಅವನು ಔಟಾದರೆ ಬ್ಯಾಟು ಮನೆಗೆ ಹೋಗುತ್ತದೆ. ಹಾಕಿಯಲ್ಲಿ ಅದೇ ಕಾಯಿದೆ ಪ್ಯಾಡಿಗೆ. ಪ್ಯಾಡು ಯಾರದ್ದೋ ಗೋಲು ಅವರದ್ದು.

1997ರಲ್ಲಿ ನಾನು ಕುಂದಾಪುರದ ಕಾಲೇಜೊಂದರಲ್ಲಿ ಪಿಯುಸಿಗೆ ಸೇರಿದೆ. ನಮ್ಮ ಮನೆ ಹೆಮ್ಮಾಡಿಯಲ್ಲಿ ಹೈವೇಯಿಂದ ಕೆಳಗೆ, ಹೊಳೆಯ ಬದಿಗೆ. ಅಪ್ಪ ಮೀನಿಗೆ ಹೋಗುತ್ತಿದ್ದರು, ಹೋಗದ ದಿನ ಅಂಗಳದಲ್ಲಿ ಕೂತು ಬಲೆ ದುರಸ್ತಿ ಮಾಡುತ್ತಿದ್ದರು. ಅಮ್ಮ ಬುಟ್ಟಿ ಹೊತ್ತು ತಲ್ಲೂರಿನ ಕಡೆ ಮನೆಮನೆಗೆ ಮೀನು ಮಾರುತ್ತಿದ್ದಳು. ಕಾಲೇಜಿನ ಪಿ.ಟಿ. ಮಾಸ್ಟ್ರಿಗೆ ಆ ವರ್ಷ ಎಲ್ಲಿಂದಲೋ ಒಂದು ಕಟ್ಟು ಹಳೆಯ ಹಾಕಿ ಸ್ಟಿಕ್ಕುಗಳು ಸಿಕ್ಕಿದವು. ಸ್ಟಿಕ್ಕು ಸಿಕ್ಕಿತು ಅಂತ ಹುಡುಗಿಯರ ಹಾಕಿ ತಂಡ ಮಾಡಿದರು. ಬಾವಿಯ ಹಗ್ಗ ಸಿಕ್ಕಿದ್ದರೆ ಹಗ್ಗಜಗ್ಗಾಟದ ತಂಡ ಮಾಡುತ್ತಿದ್ದರು, ಅಷ್ಟೇ ಅವರ ಯೋಚನೆ.

ಗೋಲಿಗೆ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಹಾಕಿ ಚೆಂಡು ಅಂದರೆ ಕಲ್ಲು, ತಾಗಿದ ಜಾಗ ನೀಲಿಗಟ್ಟುತ್ತದೆ. ಮಾಸ್ಟ್ರು ಒಬ್ಬೊಬ್ಬರನ್ನೇ ಕೇಳಿ ಸೋತು ಕೊನೆಗೆ, ತಂಡದಲ್ಲಿ ಎಲ್ಲರಿಗಿಂತ ದಪ್ಪ ಇದ್ದವಳ ಕಡೆ ನೋಡಿದರು. ಗೋಲು ಮುಚ್ಚಲು ಅಗಲ ಸಾಕು ಅಂತ ಅವರ ಲೆಕ್ಕ. ಅವಳು ಅಳುವುದರೊಳಗೆ ನಾನು ಕೈ ಎತ್ತಿದೆ. ನಾನು ಆಗ ಒಣಗಿದ ಸೀಗಡಿ ಹಾಗಿದ್ದೆ. ಮಾಸ್ಟ್ರು ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಪ್ಯಾಡು ಇರಲಿಲ್ಲ. ಅಪ್ಪನಿಗೆ ಹೇಳಿದೆ. ಬಲೆ ಮುಳುಗದ ಹಾಗೆ ಮೇಲಿನ ಹಗ್ಗಕ್ಕೆ ಕಟ್ಟುವ ಬೆಂಡುಗಳಿರುತ್ತವಲ್ಲ, ಅಂಥವನ್ನು ಸಾಲಾಗಿ ಜೋಡಿಸಿ ಗೋಣಿಯೊಳಗೆ ಹಾಕಿ, ಬಲೆಯ ದಾರದಲ್ಲೇ ಹೊಲಿದು ನನ್ನ ಮೊಣಕಾಲ ತನಕ ಬರುವ ಎರಡು ಪಟ್ಟಿ ಮಾಡಿಕೊಟ್ಟರು. ಕಟ್ಟಿ ತೋರಿಸಿ ಹೇಳಿದರು, "ಬೆಂಡ್ ಕಟ್ಟಿರೆ ಮುಳ್ಗೂದಿಲ್ಲ ಮಗಾ. ಚೆಂಡ್ ತಡಿತ್ತಾ ಇಲ್ಯಾ ನಂಗೊತ್ತಿಲ್ಲ."

ತಡೆಯುತ್ತಿತ್ತು. ಕಟ್ಟುವ ಗಂಟನ್ನೂ ಅಪ್ಪ ಆಗಲೇ ಕಲಿಸಿದ್ದು. ಆ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ, ಯಾವ ತುದಿ ಅಂತ ಗೊತ್ತಿದ್ದವರು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದವರು ಹಲ್ಲು ಮುರಿದುಕೊಂಡರೂ ಇಲ್ಲ. ಗೋಲಿನ ಹಿಂದೆ ಕಟ್ಟಿದ ಬಲೆ ಕೂಡ ಅಪ್ಪ ಕೊಟ್ಟ ಹಳೆಯ ಬಲೆಯೇ. ಮಾಸ್ಟ್ರಿಗೆ ಖರ್ಚಿಲ್ಲದೆ ಬಂದದ್ದೆಲ್ಲ ಪ್ರೀತಿ.

ಆ ವರ್ಷ ನಾನು ಸಂತೋಷವಾಗಿದ್ದೆ. ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಉಳಿದವರೆಲ್ಲ ಕೆಂಪು ಧೂಳಿನಲ್ಲಿ ಚೆಂಡಿನ ಹಿಂದೆ ಕೋಳಿಗಳ ಹಾಗೆ ಓಡುತ್ತಿದ್ದರು. ನಾನು ನಿಂತಲ್ಲಿ ನಿಂತಿರುತ್ತಿದ್ದೆ. ಎಲ್ಲಿ ಸುತ್ತಿದರೂ ಚೆಂಡು ಕೊನೆಗೆ ಬರುವುದು ನನ್ನ ಹತ್ತಿರವೇ ಅಂತ ಗೊತ್ತಿತ್ತು. ಬಂದಾಗ ಒದ್ದು ಕಳಿಸುತ್ತಿದ್ದೆ. ಮನೆಯಲ್ಲಿ, ಕ್ಲಾಸಿನಲ್ಲಿ, ಬಸ್ಸಿನಲ್ಲಿ ಎಲ್ಲಿಯೂ ಇರದ ಒಂದು ಹಕ್ಕು ನನಗೆ ಅಲ್ಲಿತ್ತು. ನಾನು ಬೇಡ ಅಂದರೆ ಅದು ಒಳಗೆ ಬರುವ ಹಾಗಿರಲಿಲ್ಲ.

ಮರುವರ್ಷ ಜೂನಿನಲ್ಲಿ ಪ್ಯಾಡು ಬಂತು.

ನಮ್ಮ ತಂಡದಲ್ಲಿ ಒಬ್ಬಳು ಹೋಟೆಲಿನವರ ಮಗಳಿದ್ದಳು. ಪೇಟೆಯಲ್ಲಿ ಅವರದ್ದು ದೊಡ್ಡ ಸಸ್ಯಾಹಾರಿ ಹೋಟೆಲು. ಅವಳ ತಾಯಿಯ ತಮ್ಮ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದರು, ಅಲ್ಲಿಯ ನ್ಯಾಷನಲ್ ಲೀಗಿನ ಒಂದು ಕ್ಲಬ್ಬಿಗೆ ಗೋಲ್ ಕೀಪರ್ ಅಂತೆ. ಈ "ಅಂತೆ" ಅನ್ನು ನಾನು ಬೇಕೆಂದೇ ಹಾಕಿದ್ದೇನೆ. ಅಕ್ಕನ ಮಗಳು ಹಾಕಿ ಆಡುತ್ತಾಳೆ ಅಂತ ಕೇಳಿ ಆ ಮಾವ ತನ್ನ ಹಳೆಯ ಕಿಟ್ಟು ಕಳಿಸಿದರು. ಹಳದಿ ಬಣ್ಣದ ಫೋಮಿನ ಪ್ಯಾಡು, ಪಾದಕ್ಕೆ ಕಟ್ಟುವ ದಪ್ಪ ಕವಚ, ಗ್ಲೌಸು, ಹೆಲ್ಮೆಟ್ಟು. ಅಲ್ಲಿಯ ತನಕ ಫಾರ್ವರ್ಡಿನಲ್ಲಿ ಆಡುತ್ತಿದ್ದವಳು ಅವತ್ತಿನಿಂದ ಗೋಲ್ ಕೀಪರ್ ಆದಳು. ಯಾರೂ ತೀರ್ಮಾನ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ನಾನು ಅವಳನ್ನು ಅಂದಿನಿಂದ ಮನಸ್ಸಿನಲ್ಲೇ ಪ್ಯಾಡಿನವಳು ಅಂತ ಕರೆಯತೊಡಗಿದೆ.

ಮಾಸ್ಟ್ರು ನನಗೆ ಹೇಳಿದರು, "ಹೆಲ್ಮೆಟ್ ಇದ್ದವ್ಳ್ ಗೋಲಿಗ್ ನಿಲ್ಕ್. ನೀನ್ ಬ್ಯಾಕ್ ಆಡ್. ನಾಳಿಗ್ ನಿಂಗ್ ಪೆಟ್ಟಾರೆ ನಿನ್ನ ಅಮ್ಮನಿಗ್ ಉತ್ರ ಕೊಡೂದ್ ಯಾರ್?"

ಹೋದ ವರ್ಷವಿಡೀ ಬೆಂಡು ಕಟ್ಟಿ ನಿಂತಾಗ ನನ್ನ ಅಮ್ಮನ ನೆನಪು ಅವರಿಗೆ ಬಂದಿರಲಿಲ್ಲ. "ಹಾಂಗಾರೆ ಪ್ಯಾಡ್ ನಂಗ್ ಕೊಡ್ಲಿ ಸಾರ್" ಅಂದೆ, "ಆಟ ಮುಗ್ದ್ ಮೇಲೆ ವಾಪಾಸ್ ಕೊಡ್ತೆ."

ಮಾಸ್ಟ್ರು ಅವಳ ಮುಖ ನೋಡಿದರು. ಅವಳು ನಗುತ್ತಲೇ, ತಮಾಷೆ ಎಂಬ ಹಾಗೆ ಹೇಳಿದಳು, "ನಿಂಗ್ ಕೊಟ್ರೆ ಮೀನ್ ವಾಸ್ನಿ ಹಿಡಿತ್ತ್ ಮಾರಾಯ್ತಿ. ಮತ್ ನಮ್ಮನಿ ಒಳ್ಗೆ ತಕಂಡ್ ಹೋಪುಕಾತಿಲ್ಲ."

ಉಳಿದವರು ನಕ್ಕರು. ಮಾಸ್ಟ್ರು ಕೂಡ ಸ್ವಲ್ಪ ನಕ್ಕು ಸೀಟಿ ಊದಿದರು. ನಾನು ನಗಲಿಲ್ಲ. ಅಮ್ಮ ಮಾರಿದ ಮೀನಿನ ದುಡ್ಡಿನಲ್ಲೇ ನಾನು ಆ ಕಾಲೇಜಿಗೆ ಬಂದದ್ದು, ಸೋಪು ಹಚ್ಚಿ ಮಿಂದೇ ಬರುತ್ತಿದ್ದೆ. ಆ ಮಾತು ಇವತ್ತಿಗೂ ನನ್ನ ಗಂಟಲಿನಲ್ಲಿ ಮುಳ್ಳಿನ ಹಾಗೆ ಇದೆ.

ಇನ್ನು ಅವಳ ಗೋಲು ಕಾಯುವ ಚಂದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವಳು ಹೆಲ್ಮೆಟ್ಟನ್ನು ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು, ಎಲ್ಲರೂ ಕೇಳಲಿ ಅಂತ. ಯಾರಾದರೂ ಕೇಳಿದರೆ ಇಂಗ್ಲೆಂಡಿನಿಂದ ಶುರು. ಚೆಂಡು ದೂರ ಇರುವಾಗ ಮಾವ ಫೋನಿನಲ್ಲಿ ಹೇಳಿಕೊಟ್ಟ ಇಂಗ್ಲಿಷಿನಲ್ಲಿ ನಮಗೆ ಆಜ್ಞೆಗಳು: "ಲೆಫ್ಟ್! ಹೋಲ್ಡ್! ಸ್ಟೆಪ್!" ಚೆಂಡು ಹತ್ತಿರ ಬಂದಾಗ ಮಾತು ನಿಂತು ಮುಖ ಆಚೆ ತಿರುಗುತ್ತಿತ್ತು. ಮುಖಕ್ಕೆ ಜಾಲರಿ ಇದ್ದವಳು ಮುಖ ತಿರುಗಿಸುವುದು ಯಾಕೆ ಅಂತ ನನಗೆ ಅರ್ಥವಾಗಿಲ್ಲ. ಗೋಲು ಹೋದರೆ ಒಂದು ದಿನ ಬಿಸಿಲು, ಒಂದು ದಿನ ನೆಲ ಓರೆ, ಬಹಳ ದಿನ ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳ ಮುಂದೆ ಬ್ಯಾಕ್ ನಿಂತು, ಅವಳ ಕಡೆ ಹೋಗುವ ಚೆಂಡನ್ನೆಲ್ಲ ನನ್ನ ಬರಿಗಾಲಿಗೆ ತಾಗಿಸಿಕೊಂಡು ಆ ವರ್ಷ ಕಳೆದೆ.

ಡಿಸೆಂಬರಿನಲ್ಲಿ ಮಾವನೇ ಬಂದರು. ಅಲ್ಲಿ ಚಳಿಗೆ ಲೀಗು ಕೆಲವು ವಾರ ನಿಲ್ಲುತ್ತದಂತೆ. ಮಾಸ್ಟ್ರು ಅವರನ್ನು ಮೈದಾನಕ್ಕೆ ಕರೆತಂದು ಕುರ್ಚಿ ಹಾಕಿ ಕುಡಿಯಲು ಎಳನೀರಿನ ಬೊಂಡ ಕೊಟ್ಟು ಕೂರಿಸಿದರು. ಇಂಗ್ಲೆಂಡಿನಲ್ಲಿ ಗೋಲಿ ಹೇಗೆ ಅಡ್ಡ ಬೀಳಬೇಕು ಅಂತ ತೋರಿಸಲು ಮಾವ ಎದ್ದರು. ಓಡಿ ಬಂದು ಉದ್ದಕ್ಕೆ ಮೈ ಚೆಲ್ಲಿದರು. ಅವರ ಲೆಕ್ಕದಲ್ಲಿ ಜಾರಿಕೊಂಡು ಹೋಗಬೇಕಿತ್ತು. ನಮ್ಮದು ಮುರಕಲ್ಲಿನ ನೆಲ, ಬಿದ್ದವರನ್ನು ಬಿದ್ದಲ್ಲೇ ಹಿಡಿದು ಚರ್ಮ ಸುಲಿಯುತ್ತದೆ. ಮೊಣಕೈಗೆ ಡೆಟಾಲ್ ಹಚ್ಚಿಸಿಕೊಂಡ ಮೇಲೆ ಅವರು ಉಳಿದದ್ದನ್ನೆಲ್ಲ ಬಾಯಲ್ಲೇ ಹೇಳಿದರು. ಆದರೆ ಪ್ಯಾಡಿನವಳಿಗೆ ಆ ಬೀಳುವ ವಿದ್ಯೆ ಬಹಳ ಹಿಡಿಸಿತು. ಮೈಗೆಲ್ಲ ಫೋಮು ಕಟ್ಟಿಕೊಂಡವಳಿಗೆ ನೆಲದ ಚಿಂತೆ ಏನು.

ಅದೇ ವಾರ ಮಾವ ತಂದ ಕ್ಯಾಸೆಟ್ಟನ್ನು ಹೋಟೆಲಿನ ಟಿವಿಯಲ್ಲಿ ಹಾಕಿದರು. ತಂಡದವರಿಗೆಲ್ಲ ಬನ್ಸು, ಚಾ. ಊರಿನ ದೊಡ್ಡವರೂ ಬಂದು ಕೂತಿದ್ದರು. ಪರದೆಯ ಮೇಲೆ ಮಾವನ ಕ್ಲಬ್ಬಿನ ಆಟ. ಗೋಲಿಯ ಮುಖ ಹೆಲ್ಮೆಟ್ಟಿನೊಳಗೆ. ಅವನು ಚೆಂಡು ತಡೆದಾಗಲೆಲ್ಲ ಹೋಟೆಲಿನಲ್ಲಿ ಚಪ್ಪಾಳೆ. ಮಾವ ಕಾಲ ಮೇಲೆ ಕಾಲು ಹಾಕಿ ಚಾ ಕುಡಿಯುತ್ತ ಮೀಸೆಯೊಳಗೇ ಸಣ್ಣಗೆ ನಗುತ್ತಿದ್ದರು.

ನಾನು ಚಪ್ಪಾಳೆ ಹೊಡೆಯಲಿಲ್ಲ, ನೋಡುತ್ತಿದ್ದೆ. ಒಪ್ಪಬೇಕಾದ ಮಾತು, ಆ ಗೋಲಿಗೆ ಒಂದು ವಿದ್ಯೆ ಬರುತ್ತಿತ್ತು. ಪೆನಾಲ್ಟಿ ಸ್ಟ್ರೋಕಿಗೆ ಅವನು ಚೆಂಡು ಸ್ಟಿಕ್ಕು ಬಿಡುವ ತನಕ ಅಲುಗಲಿಲ್ಲ. ಎದುರಿನವನು ಭುಜ ಆಡಿಸಿದ, ಕಾಲು ಆಡಿಸಿದ, ಇವನು ಕಂಬದ ಹಾಗೆ ನಿಂತ. ಇಂಗ್ಲೆಂಡಿನವರಿಂದ ನಾನು ಕಲಿತದ್ದು ಅದೊಂದು. ಅದು ಮುಗಿದ ಕೂಡಲೇ ಕ್ಯಾಮೆರಾ ಮೈದಾನದ ಬದಿಗೆ ತಿರುಗಿತು. ಅಲ್ಲಿ ಬೆಂಚಿನ ಮೇಲೆ ಉದ್ದ ಕೋಟು ಹಾಕಿ ನೀರಿನ ಬಾಟಲಿ ಹಿಡಿದು ಒಬ್ಬರು ಕೂತಿದ್ದರು. ಅದೇ ಮೀಸೆ, ಅದೇ ಕಾಲ ಮೇಲೆ ಕಾಲು.

ಎಲ್ಲರೂ ಗೋಲಿಯನ್ನೇ ಮೆಚ್ಚಿ ಮಾತಾಡುತ್ತಿದ್ದರು, ಬದಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ನಾನು ಪಕ್ಕದಲ್ಲಿದ್ದ ಪ್ಯಾಡಿನವಳ ಕಿವಿಯಲ್ಲಿ ಹೇಳಿದೆ, "ಗೋಲಗಿಪ್ದ್ ನಿನ್ನ ಮಾವ ಅಲ್ಲ. ಕಾಣ್, ನಿನ್ನ ಮಾವ ಬೆಂಚ್ ಮೇಲ್ ಕೂಕಂಡಿದ್ರ್."

ಅವಳು ಪರದೆ ನೋಡಿದಳು, ನೋಡಿದ್ದು ನನಗೆ ಗೊತ್ತು. ಮುಖ ಕೆಂಪಾಯಿತು. "ಪ್ಯಾಡ್ ನನ್ನ ಮಾವಂದೇ" ಅಂದಳು. ಅದು ಎಲ್ಲದಕ್ಕೂ ಉತ್ತರ ಎಂಬ ಹಾಗೆ ಅಂದಳು, ಎದ್ದು ಬೇರೆ ಕಡೆ ಹೋಗಿ ಕೂತಳು. ಅವತ್ತಿನಿಂದ ನನ್ನ ಹತ್ತಿರ ಮಾತು ಬಿಟ್ಟಳು. ಕಿಟ್ಟಿನ ಚೀಲಕ್ಕೆ ಒಂದು ಬೀಗವೂ ಬಂತು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಅಂತ ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ.

ಆಮೇಲಿನ ತಿಂಗಳು ಬೈಂದೂರಿನಲ್ಲಿ ಪಂದ್ಯ. ಸುತ್ತಲಿನ ಕಾಲೇಜುಗಳ ತಂಡಗಳು ಬಂದಿದ್ದವು, ನಾವು ಹೇಗೋ ಫೈನಲ್ಲಿಗೆ ಬಂದೆವು. ಮಗಳು ಫೈನಲ್ ಆಡುತ್ತಾಳೆ ಅಂತ ಹೋಟೆಲಿನವರು ಸ್ಟುಡಿಯೋದ ಫೋಟೋಗ್ರಾಫರನ್ನು ಕರೆದುಕೊಂಡು ಕಾರಿನಲ್ಲಿ ಬಂದಿದ್ದರು. ತಂಡಕ್ಕೆಲ್ಲ ಇಡ್ಲಿ ವಡೆಯೂ ಅವರದ್ದೇ. ಮಾಸ್ಟ್ರು ಅವರ ಹಿಂದೆಯೇ ಓಡಾಡುತ್ತಿದ್ದರು.

ನಾವು ಒಂದು ಗೋಲು ಮುಂದೆ ಇದ್ದೆವು. ಆಟ ಮುಗಿಯಲು ಬಂದಿತ್ತು. ಎದುರಿನವರ ಒಂದು ಹೊಡೆತ ನಿಧಾನಕ್ಕೆ ಉರುಳಿಕೊಂಡು ಗೋಲಿನ ಕಡೆ ಬಂತು. ನಮ್ಮ ಮನೆಯ ಬೆಕ್ಕು ಕೂಡ ಅದನ್ನು ತಡೆಯುತ್ತಿತ್ತು. ಪ್ಯಾಡಿನವಳಿಗೆ ಮಾವನ ವಿದ್ಯೆ ನೆನಪಾಯಿತು. ಉದ್ದಕ್ಕೆ ಬಿದ್ದಳು, ಚೆಂಡಿನ ಮೇಲೆಯೇ ಬಿದ್ದಳು, ಮೊಟ್ಟೆಗೆ ಕೂತ ಹೇಂಟೆಯ ಹಾಗೆ ಏಳದೆ ಮಲಗಿದಳು. ಗೋಲಿ ಚೆಂಡಿನ ಮೇಲೆ ಮಲಗಿ ಅಡಗಿಸುವ ಹಾಗಿಲ್ಲ. ಅಂಪೈರ್ ಸೀಟಿ ಊದಿ ಪೆನಾಲ್ಟಿ ಸ್ಟ್ರೋಕ್ ಕೊಟ್ಟರು. ಅಂದರೆ ಹೊಡೆಯುವವಳೊಬ್ಬಳು, ಗೋಲಿಯೊಬ್ಬಳು, ನಡುವೆ ಯಾರೂ ಇಲ್ಲ.

ಅವಳು ಎದ್ದು ಧೂಳು ಕೊಡವಿಕೊಂಡು, ನಡುವೆ ಯಾರೂ ಇಲ್ಲದ್ದನ್ನು ನೋಡಿ, ಹೊಟ್ಟೆ ಹಿಡಿದುಕೊಂಡಳು. ಹೊಟ್ಟೆನೋವು ಅಂದಳು. ಗೆರೆಯ ಆಚೆಗೆ ನಡೆದೇ ಹೋದಳು. ಬೈಸಿಕೊಳ್ಳಲು ಮುಂದೆ ಯಾರೂ ಇಲ್ಲದಿದ್ದರೆ ಅವಳಿಗೆ ಆಟ ಆಡಲು ಬರುತ್ತಿರಲಿಲ್ಲ.

ಮಾಸ್ಟ್ರು ನನ್ನ ಕಡೆ ಕೈ ಮಾಡಿದರು. "ನೀನ್ ನಿಲ್ಲ್." ಅಂಪೈರ್ ಮಧ್ಯೆ ಬಂದು ಹೆಲ್ಮೆಟ್ಟಿಲ್ಲದೆ ನಿಲ್ಲುವ ಹಾಗಿಲ್ಲ ಅಂದರು. ಅವಳು ಕಿಟ್ಟು ಬಿಚ್ಚಿ ಕೊಡಲೇಬೇಕಾಯಿತು. ನನ್ನ ಕೈಗೆ ಕೊಡಲಿಲ್ಲ, ಒಂದೊಂದಾಗಿ ನೆಲಕ್ಕೆ ಹಾಕಿದಳು.

ಹೆಲ್ಮೆಟ್ಟು ತಲೆಗೆ ಹಾಕಿದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ವರ್ಷದ ಹಳೆಯ ಬೆವರು, ಒಣಗದ ಫೋಮು, ಬೂಷ್ಟು. ನಾನು ಹುಟ್ಟಿದಂದಿನಿಂದ ಒಣಮೀನಿನ ಪಕ್ಕ ಬೆಳೆದವಳು, ಅಂಥ ನಾತ ಮೂಸಿರಲಿಲ್ಲ. ಇಂಗ್ಲೆಂಡಿನ ನ್ಯಾಷನಲ್ ಲೀಗಿನ ವಾಸನೆ ಅದು. ಇದಕ್ಕೆ ಮೀನಿನ ವಾಸನೆ ಹಿಡಿಯುತ್ತದೆ ಅಂತ ಇವಳು ಬೀಗ ಹಾಕಿಟ್ಟಿದ್ದಳಲ್ಲ, ಸ್ವಲ್ಪ ಹಿಡಿದಿದ್ದರೆ ಒಳ್ಳೆಯದೇ ಆಗುತ್ತಿತ್ತು.

ಪ್ಯಾಡಿನ ಪಟ್ಟಿಗಳು ನನ್ನ ಕಡ್ಡಿ ಕಾಲಿಗೆ ಬಿಗಿಯಲಿಲ್ಲ. ನನ್ನ ಚೀಲದ ಬಾಯಿಗೆ ಅಪ್ಪ ಬಲೆಯ ನೀಲಿ ದಾರ ಕಟ್ಟಿಕೊಟ್ಟಿದ್ದರು. ಅದನ್ನು ಬಿಚ್ಚಿ ಎರಡು ತುಂಡು ಮಾಡಿ, ಎರಡು ಪ್ಯಾಡಿಗೂ ಸುತ್ತು ಹಾಕಿ ಅಪ್ಪನ ಗಂಟು ಹಾಕಿದೆ. ಹೋಗಿ ಗೆರೆಯ ಮೇಲೆ ನಿಂತೆ.

ಸ್ಟ್ರೋಕ್ ಹೊಡೆಯಲು ಬಂದ ಬೈಂದೂರಿನ ಹುಡುಗಿ ಭುಜ ಎಡಕ್ಕೆ ಆಡಿಸಿದಳು. ನಾನು ಅಲುಗಲಿಲ್ಲ. ನನ್ನ ಉಸಿರು ಹೆಲ್ಮೆಟ್ಟಿನೊಳಗೆ ನನಗೇ ಕೇಳುತ್ತಿತ್ತು, ಹೆದರಿಕೆ ಆಗಲಿಲ್ಲ. ಅಲ್ಲಿ ನಿಂತಾಗ, ಇದು ನನ್ನ ಜಾಗ ಅಂತ ಮಾತ್ರ ಅನಿಸಿತು. ಚೆಂಡು ಬಲಕ್ಕೆ ಬಂತು. ಕಾಲು ಹಾಕಿದೆ. ಪ್ಯಾಡಿಗೆ ತಾಗಿ ಕಂಬದ ಹೊರಗಿನಿಂದ ಆಚೆ ಹೋ‌ಯಿತು.

ನಾವು ಗೆದ್ದೆವು. ಎಲ್ಲರೂ ಓಡಿ ಬಂದು ಅಪ್ಪಿಕೊಳ್ಳುವ ಮೊದಲೇ ಪ್ಯಾಡಿನವಳು ಬಂದು ನಿಂತಿದ್ದಳು. ಹೊಟ್ಟೆನೋವು ಗುಣವಾಗಿತ್ತು. "ಬಿಚ್" ಅಂದಳು, ತಿಂಗಳ ನಂತರ ನನ್ನ ಹತ್ತಿರ ಆಡಿದ ಮೊದಲ ಮಾತು. ಗಂಟು ಬಿಚ್ಚುವಷ್ಟು ಪುರುಸೊತ್ತು ಕೊಡಲಿಲ್ಲ. ಕಾಲು ತೆಳ್ಳಗಿತ್ತಲ್ಲ, ದಾರ ಸಮೇತ ಪ್ಯಾಡು ಬಿಟ್ಟು ಕಾಲು ಎಳೆದುಕೊಂಡೆ. ಬಹುಮಾನ ಕೊಡುವಾಗ ಅವಳು ಅದನ್ನೆಲ್ಲ ಕಟ್ಟಿಕೊಂಡು ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ನಡುವೆ ನಿಂತಿದ್ದಳು. ಅದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ.

ಬೇಸರವಾದದ್ದು ಆಮೇಲೆ. ಕೆಲವು ದಿನ ಕಳೆದು ಹೋಟೆಲಿನ ಮುಂದೆ ಹೋಗುವಾಗ ಒಳಗೆ ಕ್ಯಾಶಿನ ಹಿಂದಿನ ಗೋಡೆಯಲ್ಲಿ ದೊಡ್ಡ ಫೋಟೋ ಕಂಡಿತು. ಗೋಲಿ ಕಾಲು ಚಾಚಿದ್ದಾಳೆ, ಚೆಂಡು ಪ್ಯಾಡಿಗೆ ತಾಗುತ್ತಿದೆ, ಮುಖ ಹೆಲ್ಮೆಟ್ಟಿನೊಳಗೆ. ಪ್ಯಾಡಿನ ಸುತ್ತ ನೀಲಿ ದಾರ. ಫೋಟೋಗ್ರಾಫರು ಹೋಟೆಲಿನವರ ಮಗಳ ಫೋಟೋ ತೆಗೆಯಲು ಬಂದವರು, ಅವರ ಪ್ಯಾಡು ಕಂಡಲ್ಲಿ ಕ್ಲಿಕ್ಕಿಸಿದ್ದರು. ಒಳಗೆ ಹೋಗಿ ಕೇಳಿದೆ. ಅವಳ ಅಪ್ಪ, "ಮಗ್ಳ್ ಸ್ಟ್ರೋಕ್ ತಡ್ದದ್ ಕಾಣ್" ಅಂತ ನನಗೇ ತೋರಿಸಿದರು. ಅವರೂ ಮೈದಾನದಲ್ಲಿ ಇದ್ದವರೇ. ಊರಿನ ದೊಡ್ಡವರ ಜೊತೆ ಮಾತಾಡುವುದರಲ್ಲಿ ಆಟ ನೋಡಿರಲಿಲ್ಲ ಅಂತ ಕಾಣುತ್ತದೆ. ತಡೆದದ್ದು ತಾನಲ್ಲ ಅಂತ ಮಗಳೂ ಹೇಳಿರಲಿಲ್ಲ. ಮಾಸ್ಟ್ರ ಹತ್ತಿರ ಹೋದೆ. ಅವರು, "ಇರ್ಲಿ ಬಿಡ್, ತಂಡಕ್ ತಿಂಡಿ ಕೊಟ್ಟವ್ರ್" ಅಂದರು. ಎರಡು ಇಡ್ಲಿಗೆ ಬಾಯಿ ಕಟ್ಟಿಸಿಕೊಂಡ ಗಂಡಸು.

ಮನೆಗೆ ಬಂದು ಅಮ್ಮನ ಹತ್ತಿರ ಅತ್ತೆ. ಅಮ್ಮ ಬುಟ್ಟಿ ತೊಳೆಯುತ್ತಿದ್ದಳು. ತೊಳೆಯುತ್ತಲೇ ಹೇಳಿದಳು, "ನಾನ್ ಬುಟ್ಟಿ ಹೊತ್ಕಂಡ್ ಹೋರೆ ಜನ ಮೀನ್ ಬಂತ್ ಅಂಬ್ರ್. ನಾನ್ ಬಂದೆ ಅಂದೇಳಿ ಯಾರಾರೂ ಹೇಳ್ತ್ರಾ? ಹಾಂಗೇ ಇದ್. ಕೂಗ್ಬ್ಯಾಡ, ಅನ್ನ ಉಣ್ಣ್."

ಪಿಯುಸಿ ಮುಗಿಯಿತು, ತಂಡವೂ ಮುಗಿಯಿತು. ಮಾಸ್ಟ್ರಿಗೆ ಬೇರೆ ಯಾವುದೋ ಆಟದ ಸಾಮಾನು ಸಿಕ್ಕಿರಬೇಕು. ನಾನು ಹೊಲಿಗೆ ಕಲಿತೆ, ಮದುವೆಯಾಗಿ ಬಾರ್ಕೂರಿಗೆ ಬಂದೆ, ಬ್ರಹ್ಮಾವರದಲ್ಲಿ ಅಂಗಡಿ ಹಾಕಿದೆ. ಅಪ್ಪ ತೀರಿಕೊಂಡರು. ಬೆಂಡಿನ ಪಟ್ಟಿಗಳನ್ನು ಗೆದ್ದಲು ತಿಂದಿತು. ಕುಂದಾಪುರಕ್ಕೆ ಹೋದಾಗ ಆ ಹೋಟೆಲಿರುವ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಹೋಗುತ್ತಿದ್ದೆ.

ಮೂರು ವರ್ಷದ ಕೆಳಗೆ, ಮದುವೆ ಸೀಸನ್ನಿನಲ್ಲಿ, ಲೈನಿಂಗ್ ಬಟ್ಟೆ ತರಲು ಕುಂದಾಪುರಕ್ಕೆ ಹೋಗಿದ್ದೆ. ಬಿಸಿಲಿಗೆ ತಲೆ ಸುತ್ತಿತು. ಹತ್ತಿರದಲ್ಲಿ ಇದ್ದದ್ದು ಅದೊಂದೇ ಹೋಟೆಲು. ಒಳಗೆ ಹೋಗಿ ಬನ್ಸು ತಿಂದೆ. ಬನ್ಸು ಚೆನ್ನಾಗಿಯೇ ಇತ್ತು, ಅದು ಇನ್ನೂ ಸಿಟ್ಟು ಬರಿಸಿತು. ಫೋಟೋ ಅಲ್ಲೇ ಇತ್ತು, ಬಣ್ಣ ಮಾಸಿತ್ತು. ಕ್ಯಾಶಿನಲ್ಲಿ ಕೂತಿದ್ದವನು ಪ್ಯಾಡಿನವಳ ತಮ್ಮ. ನನ್ನ ಗುರುತು ಅವನಿಗೆ ಸಿಕ್ಕಲಿಲ್ಲ.

"ಅದ್ ಯಾರ್?" ಅಂತ ಕೇಳಿದೆ.

"ಅದ್ ನಮ್ಮಕ್ಕ. ಹಾಕಿಯಗೆ ಗೋಲ್ ಕೀಪರ್. ಈಗ ಬೊಂಬಾಯಗೆ ಇತ್ತ್" ಅಂದ. "ನಮ್ಮ ಮಾವನೂ ಹಾಂಗೇ, ಇಂಗ್ಲೆಂಡಗೆ ಆಡ್ತಿದ್ರ್."

"ಅದ್ ನಾನ್" ಅಂದೆ.

ಅವನು ಫೋಟೋ ನೋಡಿದ. ಮತ್ತೆ ನನ್ನನ್ನು ನೋಡಿದ. ಈಗ ನಾನು ಒಣಗಿದ ಸೀಗಡಿಯ ಹಾಗಿಲ್ಲ, ಕುತ್ತಿಗೆಯಲ್ಲಿ ಅಳತೆಯ ಟೇಪು ಬೇರೆ ನೇತಾಡುತ್ತಿತ್ತು. ಅವನು ಜಗಳ ಮಾಡಲಿಲ್ಲ, ಗಿರಾಕಿಗಳ ಹತ್ತಿರ ನಗುವ ಹಾಗೆ ನಕ್ಕ. "ಪ್ಯಾಡ್ ನಮ್ದೇ ಅಲ್ದಾ ಅಕ್ಕ. ಇಲ್ಲೇ ಹಿಂದ್ಗಡೆ ಇತ್ತ್, ಬೇಕಾರೆ ಕಾಣಿ."

ಕೈ ತೊಳೆಯುವ ಜಾಗ ಹಿಂದುಗಡೆ, ಪಕ್ಕದಲ್ಲೇ ಹಿಟ್ಟು ರುಬ್ಬುವ ಕೋಣೆ. ದೊಡ್ಡ ಗ್ರೈಂಡರು ತಿರುಗುತ್ತಿತ್ತು. ಅದರ ಕಬ್ಬಿಣದ ಕಾಲುಗಳಲ್ಲಿ ಎರಡರ ಕೆಳಗೆ ಹಳದಿ ಬಣ್ಣದ ಏನೋ ಕಂಡಿತು. ಬಗ್ಗಿ ನೋಡಿದೆ. ಇಂಗ್ಲೆಂಡಿನ ನ್ಯಾಷನಲ್ ಲೀಗಿನ ಪ್ಯಾಡುಗಳು. ನೆಲ ಓರೆ ಅಂತ ಗ್ರೈಂಡರು ಕುಣಿಯದ ಹಾಗೆ ಕೆಳಗೆ ಕೊಟ್ಟಿದ್ದರು. ಅವು ಜಾರದ ಹಾಗೆ ಒಂದೊಂದು ಕಾಲನ್ನೂ ಪ್ಯಾಡಿನ ಸುತ್ತಲಿನ ದಾರದೊಳಗೆ ತೂರಿಸಿದ್ದರು. ನೀಲಿ ದಾರ. ಅಪ್ಪನ ಗಂಟು ಹಾಕಿದ ಹಾಗೇ ಇತ್ತು. ಇಷ್ಟು ವರ್ಷ ಆ ಮನೆಯ ಯಾರಿಂದಲೂ ಅದನ್ನು ಬಿಚ್ಚಲು ಆಗಿರಲಿಲ್ಲ.

ನಾನು ಮೊಣಕಾಲೂರಿ ಕೂತೆ. ಹಿಟ್ಟು ಬಿದ್ದು ಒಣಗಿ ಗಂಟು ಗಟ್ಟಿಯಾಗಿತ್ತು. ಅಡುಗೆಯವರು ಒಲೆಯ ಹತ್ತಿರದಿಂದ ಕೂಗಿದರು, "ಹ್ವಾಯ್, ಅದನ್ ಮುಟ್ಬೇಡಿ, ಗ್ರೈಂಡರ್ ಕುಣಿತ್ತ್."

"ಕುಣಿಲಿ" ಅಂದೆ. ಉಗುರು ಹಾಕಿ ಸಡಿಲಿಸಿ, ತುದಿ ಹಿಡಿದು ಒಮ್ಮೆ ಎಳೆದೆ. ಬಿಚ್ಚಿಕೊಂಡಿತು. ಇನ್ನೊಂದನ್ನೂ ಬಿಚ್ಚಿದೆ. ಪ್ಯಾಡುಗಳು ಮೆಲ್ಲಗೆ ಜಾರಿದವು, ಗ್ರೈಂಡರು ದಡಬಡ ಶುರು ಮಾಡಿತು. ಅಡುಗೆಯವರು ಸ್ವಿಚ್ಚಿನ ಕಡೆ ಓಡಿದರು. ಪ್ಯಾಡಿನವಳ ತಮ್ಮ ಕ್ಯಾಶು ಬಿಟ್ಟು ಓಡಿ ಬಂದ.

"ಪ್ಯಾಡ್ ನಿಮ್ದೇ, ಇಟ್ಕಣಿ" ಅಂದೆ. "ದಾರ ನಮ್ಮಪ್ಪಂದ್."

ಅವನು ಏನಾದರೂ ಹೇಳಿದನೋ ಇಲ್ಲವೋ, ನಾನು ನಿಂತು ಕೇಳಲಿಲ್ಲ. ಬ್ರಹ್ಮಾವರದ ಬಸ್ಸು ನಿಂತಿತ್ತು, ಕಿಟಕಿಯ ಬದಿ ಸೀಟು ಸಿಕ್ಕಿತು. ಎರಡು ತುಂಡು ದಾರ ಮುಷ್ಟಿಯಲ್ಲಿತ್ತು. ಬಸ್ಸು ಹೊರಟ ಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದೆ. ಉದ್ದಿನ ಹಿಟ್ಟಿನ ಹುಳಿ ವಾಸನೆ ಬಂತು. ಮತ್ತೆ ಮತ್ತೆ ಮೂಸಿದೆ. ಮೀನಿನ ವಾಸನೆ ಸ್ವಲ್ಪವೂ ಉಳಿದಿರಲಿಲ್ಲ. ಆಗ ನನಗೆ ಅಳು ಬಂತು.